ಹವ್ಯಾಸದ ಡ್ರೋನ್ ಮತ್ತು ವಿಮಾನ ನಿಲ್ದಾಣದ ಆವರಣ: ವರ್ತಕರು ತಿಳಿದಿರಬೇಕಾದ ನಿಯಮಗಳು

ವಡಗೇರಾ, ಶಹಾಪುರ, ಸುರಪುರ ಭಾಗಗಳಲ್ಲಿ ಮದುವೆಯ ಚಿತ್ರೀಕರಣದಿಂದ ಹಿಡಿದು ಹತ್ತಿ ಮಿಲ್ಲಿನ ಜಾಹೀರಾತಿನವರೆಗೆ ಡ್ರೋನ್ ಬಳಕೆಗೆ ಬಂದಿದೆ. ಕಲಬುರಗಿ ವಿಮಾನ ನಿಲ್ದಾಣವು 2019ರ ನವೆಂಬರ್‌ನಲ್ಲಿ ಆರಂಭಗೊಂಡಿದ್ದು, ರಾಯಚೂರಿನ ಯರಮರಸ್ ಬಳಿಯೂ ನಿಲ್ದಾಣದ ಯೋಜನೆ ಇದೆ. ವ್ಯಾಪಾರದ ನಿಮಿತ್ತ ಈ ಎರಡೂ ನಗರಗಳಿಗೆ ಹೋಗಿಬರುವವರು ಡ್ರೋನನ್ನು ಜೊತೆಗೊಯ್ಯುವ ಮುನ್ನ ಕಾನೂನನ್ನು ಅರಿತಿರುವುದು ಒಳಿತು.

ಈ ವಿಷಯವನ್ನು ನಿಯಂತ್ರಿಸುವುದು 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು. ಇವು ಆಕಾಶವನ್ನು ಹಸಿರು, ಹಳದಿ, ಕೆಂಪು ಎಂಬ ಮೂರು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಪೂರ್ವಾನುಮತಿ ಬೇಕಿಲ್ಲ. ಹಳದಿ ವಲಯದಲ್ಲಿ ವಿಮಾನ ಸಂಚಾರ ನಿಯಂತ್ರಣ ಘಟಕದ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಕಾರ್ಯನಿರತ ವಿಮಾನ ನಿಲ್ದಾಣದ ಸುತ್ತ ಲೆಕ್ಕ ಬೇರೆ. ಅದರ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಪಟ್ಟಿಯಲ್ಲಿ ಅನುಮತಿಯಿಲ್ಲದೆ 200 ಅಡಿಯವರೆಗೆ ಮಾತ್ರ ಏರಬಹುದು. 8 ಕಿಲೋಮೀಟರ್‌ನ ಒಳಗೆ ನೆಲದಿಂದ ಮೇಲೇಳುವುದಕ್ಕೇ ಅನುಮತಿ ಬೇಕು. ಇಲ್ಲಿ ಹಲವರು ತಪ್ಪುವುದು ಒಂದೇ ಕಡೆ: ದೂರವನ್ನು ಅಳೆಯಬೇಕಾದುದು ನಿಲ್ದಾಣದ ಆವರಣದ ಗಡಿಯಿಂದ, ಪ್ರಯಾಣಿಕರ ಕಟ್ಟಡದಿಂದಲ್ಲ, ಊರಿನ ಬಸ್ ನಿಲ್ದಾಣದಿಂದಂತೂ ಅಲ್ಲವೇ ಅಲ್ಲ. ವಡಗೇರಾ ಪಟ್ಟಣ ಕಲಬುರಗಿಯ ಈ ವೃತ್ತಕ್ಕೆ ಬಹುದೂರ. ಆದರೆ ಕಲಬುರಗಿ–ಸೇಡಂ ರಸ್ತೆಯ ಬದಿಯ ಗೋದಾಮಿನ ಚಿತ್ರ ತೆಗೆಯುವವರ ಪರಿಸ್ಥಿತಿ ಹಾಗಲ್ಲ.

ವಲಯಗಳ ನಕ್ಷೆ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಲಭ್ಯವಿದ್ದು, ಪ್ರತಿ ಹಾರಾಟಕ್ಕೆ ಮುನ್ನ ಅದನ್ನು ಪರಿಶೀಲಿಸುವುದು ಕಡ್ಡಾಯ. ಗಣ್ಯರ ಭೇಟಿಯಂತಹ ಸಂದರ್ಭಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯ ಅಧಿಕಾರಿಗಳು ಯಾವುದೇ ಪ್ರದೇಶವನ್ನು 96 ಗಂಟೆ ಮೀರದಂತೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ನಿನ್ನೆ ಹಸಿರಾಗಿದ್ದ ಹೊಲ ಇಂದು ಕೆಂಪಾಗಿರುವುದು ಅಸಂಭವವೇನಲ್ಲ.

ಡ್ರೋನನ್ನು ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. 250 ಗ್ರಾಂವರೆಗಿನ ನ್ಯಾನೋ ಡ್ರೋನಿಗೆ ಚಾಲಕ ಪ್ರಮಾಣಪತ್ರ ಬೇಡ. 2 ಕೆ.ಜಿ.ವರೆಗಿನದಕ್ಕೂ ಬೇಡ, ಆದರೆ ಬಳಕೆ ವಾಣಿಜ್ಯೇತರವಾಗಿದ್ದರೆ ಮಾತ್ರ. ವರ್ತಕರು ಎಡವುವುದು ಇಲ್ಲಿಯೇ. ಮಗನ ಹವ್ಯಾಸದ 1 ಕೆ.ಜಿ. ಡ್ರೋನಿನಿಂದ ಅಂಗಡಿಯ ಜಾಹೀರಾತಿಗೆ ಚಿತ್ರ ತೆಗೆಸಿದರೆ ಅದನ್ನು ಹವ್ಯಾಸವೆಂದು ಸಾಧಿಸುವುದು ಕಷ್ಟ. ನ್ಯಾನೋ ಹೊರತು ಉಳಿದವುಗಳಿಗೆ ಮೂರನೇ ವ್ಯಕ್ತಿಯ ವಿಮೆಯೂ ಬೇಕು. ಉಲ್ಲಂಘನೆಗೆ ಈ ನಿಯಮಗಳಡಿ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ.

ಖರೀದಿಯಲ್ಲಿಯೂ ಎಚ್ಚರಿಕೆ ಅವಶ್ಯ. 2022ರ ಫೆಬ್ರವರಿ 9ರ ಅಧಿಸೂಚನೆಯ ಮೂಲಕ ಸಿದ್ಧ ವಿದೇಶಿ ಡ್ರೋನ್‌ಗಳ ಆಮದನ್ನು, ರಕ್ಷಣೆ, ಸಂಶೋಧನೆಯಂತಹ ಉದ್ದೇಶಗಳ ಹೊರತು, ನಿಷೇಧಿಸಲಾಯಿತು. ಬಿಡಿಭಾಗಗಳಿಗೆ ಈ ನಿಷೇಧವಿಲ್ಲ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುವ ವಿದೇಶಿ ಡ್ರೋನ್ ಕೊಂಡವರಿಗೆ ನೋಂದಣಿಯ ಹಂತದಲ್ಲಿಯೇ ತೊಡಕು ಎದುರಾಗುತ್ತದೆ. ಬಳಸಿದ ಡ್ರೋನ್ ಕೊಳ್ಳುವವರು ಗುರುತಿನ ಸಂಖ್ಯೆಯನ್ನು ಕೇಳಿ ಪಡೆದು, ನೋಂದಣಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡ ನಂತರವೇ ಪೂರ್ಣ ಹಣ ಪಾವತಿಸುವುದು ಕ್ಷೇಮ.