ಕೋಟೆಯೊಳಗಿನ ಐದನೇ ದಳ

ಚಿತ್ರದುರ್ಗದ ಏಳುಸುತ್ತಿನ ಕೋಟೆಗೆ ಹೋದವರು ಓಬವ್ವನ ಕಿಂಡಿಯನ್ನು ನೋಡದೆ ಹಿಂತಿರುಗುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಕ್ಕಳಿಗೂ ಆ ಕಥೆ ಬಾಯಿಪಾಠ. ಹೈದರಾಲಿಯ ಸೈನಿಕರು ಬಂಡೆಗಳ ಸಂದಿಯಿಂದ ಒಬ್ಬೊಬ್ಬರಾಗಿ ನುಸುಳಿದರು. ಕಾವಲುಗಾರ ಊಟಕ್ಕೆ ಕುಳಿತಿದ್ದಾಗ ಅವನ ಹೆಂಡತಿ ಒನಕೆ ಹಿಡಿದು ಅವರನ್ನು ತಡೆದಳು. ಕಿಂಡಿಯೇನೋ ಉಳಿಯಿತು. ಆದರೆ 1779ರಲ್ಲಿ ಕೋಟೆ ಬಿದ್ದಿತು. ಮದಕರಿನಾಯಕನ ಸೇವೆಯಲ್ಲಿದ್ದ ಕೆಲವು ಅಧಿಕಾರಿಗಳ ದ್ರೋಹವೇ ಅದಕ್ಕೆ ಕಾರಣವೆಂದು ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಹೇಳುತ್ತಾರೆ.

ಹೀಗೆ ಒಳಗಿದ್ದುಕೊಂಡೇ ಹೊರಗಿನ ಶತ್ರುವಿಗೆ ನೆರವಾಗುವವರನ್ನು ಇಂಗ್ಲಿಷಿನಲ್ಲಿ ‘ಫಿಫ್ತ್ ಕಾಲಂ’ ಎನ್ನುತ್ತಾರೆ. ಇಲ್ಲಿ ‘ಕಾಲಂ’ ಎಂದರೆ ಪತ್ರಿಕೆಯ ಅಂಕಣವಲ್ಲ, ಸಾಲಾಗಿ ಸಾಗುವ ಸೇನೆಯ ದಳ. ‘ಐದನೇ ದಳ’ ಎಂಬುದು ಇದರ ನೇರ ಅರ್ಥ.

ಹಾಗಾದರೆ ಮೊದಲ ನಾಲ್ಕು ದಳಗಳು ಯಾವುವು? ಈ ಮಾತು ಹುಟ್ಟಿದ್ದು 1936ರಲ್ಲಿ, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ. ದಂಗೆಯೆದ್ದ ಸೇನೆಯ ನಾಲ್ಕು ದಳಗಳು ರಾಜಧಾನಿ ಮ್ಯಾಡ್ರಿಡ್‌ನತ್ತ ಸಾಗುತ್ತಿದ್ದವು. ಐದನೆಯದು ನಗರದೊಳಗೇ ಇದೆ ಎಂದು ಆ ಪಕ್ಷದ ಸೇನಾಪತಿ ಎಮಿಲಿಯೊ ಮೋಲಾ ಹೇಳಿದನೆಂಬುದು ಪ್ರತೀತಿ. 1938ರಲ್ಲಿ ಹೆಮಿಂಗ್ವೆಯ ಇದೇ ಹೆಸರಿನ ನಾಟಕ ಪ್ರಕಟವಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮಾತು ಲೋಕವೆಲ್ಲ ಹರಡಿತು.

ಮಾತು ಹೊಸದಾದರೂ ಅನುಭವ ಹಳೆಯದು. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆ ನಮ್ಮಲ್ಲಿದೆ. ಬರಿಯ ಕಬ್ಬಿಣ ಮರವನ್ನು ಕಡಿಯಲಾರದು. ಅದಕ್ಕೆ ಮರದ್ದೇ ಹಿಡಿ ಬೇಕು.

ಆದರೆ ಎರಡಕ್ಕೂ ಒಂದು ವ್ಯತ್ಯಾಸವುಂಟು. ಗಾದೆಯಲ್ಲಿ ಕಾವು ಕೊಡಲಿಗೆ ಸೇರಿದ್ದು ಕಣ್ಣಿಗೆ ಕಾಣುತ್ತದೆ. ‘ಐದನೇ ದಳ’ವಾದರೋ ಯಾರಿಗೂ ಕಾಣದು, ಆದ್ದರಿಂದ ಯಾರತ್ತ ಬೇಕಾದರೂ ಬೆರಳು ತೋರಿಸಬಹುದು. ಮ್ಯಾಡ್ರಿಡ್‌ನಲ್ಲೇ 1936ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಈ ಭಯದಿಂದ ಸೆರೆಮನೆಯಲ್ಲಿದ್ದ ಸಾವಿರಾರು ಮಂದಿಯನ್ನು ಕೊಲ್ಲಲಾಯಿತು. 1942ರಿಂದ ಅಮೆರಿಕ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಆ ದೇಶದ್ದೇ ಪ್ರಜೆಗಳು. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ.

ದುರ್ಗದ ಕಥೆಯ ಕೊನೆಯಲ್ಲಿಯೂ ಇಂಥದೊಂದು ನೋವಿದೆ. ಗೆದ್ದ ಹೈದರಾಲಿ ಬೇಡ ಜನರ ಬಲ ಮುರಿಯಲೆಂದು ಅವರಲ್ಲಿ ಸುಮಾರು 20,000 ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರಲ್ಲಿ ಒಬ್ಬೊಬ್ಬರ ತಪ್ಪೇನೆಂದು ಯಾರೂ ವಿಚಾರಿಸಲಿಲ್ಲ. ಆ ಕುಲದವರಾಗಿದ್ದುದೇ ಸಾಕಾಯಿತು.

ಕೆಲವರು ಮಾಡಿದ ದ್ರೋಹಕ್ಕೆ ಹೆಸರಿಡಲು ಈ ನುಡಿಗಟ್ಟು ಸರಿಯೇ. ಇಡೀ ಕೇರಿಗೆ, ಇಡೀ ಜಾತಿಗೆ ಅದನ್ನು ಅಂಟಿಸಿದಾಗ ಮಾತೇ ಕೊಡಲಿಯಾಗುತ್ತದೆ. ಓಬವ್ವ ಒನಕೆ ಎತ್ತಿದ್ದು ಕಿಂಡಿಯಲ್ಲಿ ನುಸುಳಿದವರ ಮೇಲೆ, ನೆರೆಮನೆಯವರ ಮೇಲಲ್ಲ.