ಕೆಂಪು ಕೊಳವೆಯಲ್ಲಿ ನೀರಿದೆಯೆ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬುದು ಹಿರಿಯರ ಮಾತು. ಇಂದಿನ ಬಹುಮಹಡಿ ಕಟ್ಟಡಗಳಲ್ಲಿ ಬಾವಿಯನ್ನು ಮೊದಲೇ ತೋಡಿಟ್ಟಿರುತ್ತಾರೆ. ನೆಲದಡಿಯಲ್ಲಿ ನೀರಿನ ತೊಟ್ಟಿ, ಅದಕ್ಕೆ ಪಂಪು, ಮೆಟ್ಟಿಲ ಪಕ್ಕದಲ್ಲಿ ಮೇಲಕ್ಕೇರುವ ಕೆಂಪು ಕೊಳವೆ, ಮಹಡಿಗೊಂದು ರಬ್ಬರು ಕೊಳವೆಯ ಸುರುಳಿ, ಎಲ್ಲವೂ ಇವೆ. ಆದರೆ ಆ ಬಾವಿಯಲ್ಲಿ ನೀರಿದೆಯೆ ಎಂದು ಇಣುಕಿ ನೋಡುವವರು ಎಷ್ಟು ಮಂದಿ?

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಅಸುನೀಗಿದರು. ಬೆಂಕಿ ಹತ್ತಿದ್ದು ಕೆಳಗಿನ ವಿದ್ಯುತ್ ಪರಿವರ್ತಕದ ಬಳಿ. ಪ್ರಾಣ ತೆಗೆದದ್ದು ಮೇಲೇರಿದ ಹೊಗೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿಯೂ ಹೊಗೆಯೇ ಯಮನಾಯಿತು. ಉಸಿರುಕಟ್ಟಿ ಕಂಗೆಟ್ಟ ಕೆಲವರು ಮೇಲಿನ ಕಿಟಕಿಗಳಿಂದ ಧುಮುಕಿದರು. ಒಟ್ಟು 9 ಮಂದಿ ತೀರಿಕೊಂಡರು. ಜ್ವಾಲೆಗಿಂತ ಮುಂಚೆ ಹೊಗೆ ಓಡುತ್ತದೆ. ಆದುದರಿಂದ ನೀರಿನಷ್ಟೇ ಮುಖ್ಯವಾದವು ಎಚ್ಚರಿಕೆಯ ಗಂಟೆ ಮತ್ತು ತೆರೆದಿರುವ ದಾರಿ.

ಕಾಯಿದೆ ಏನು ಹೇಳುತ್ತದೆ?

ಅಗ್ನಿಶಾಮಕ ಕಾಯಿದೆಗಳನ್ನು ನಮ್ಮಲ್ಲಿ ಆಯಾ ರಾಜ್ಯಗಳೇ ಮಾಡಿಕೊಂಡಿವೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳದ ಕಾಯಿದೆಯಿದೆ. ಅಪಾಯವುಳ್ಳ ಕಟ್ಟಡಗಳಲ್ಲಿ ಮುನ್ನೆಚ್ಚರಿಕೆ ಕೈಗೊಳ್ಳುವಂತೆ ಆಜ್ಞಾಪಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿದೆ. ಪರೀಕ್ಷೆಯ ವಿಷಯದಲ್ಲಿ ಬಲು ಸ್ಪಷ್ಟವಾಗಿ ಮಾತನಾಡುವುದು ಮಹಾರಾಷ್ಟ್ರದ 2006ರ ಕಾಯಿದೆ. ಸಾಧನಗಳನ್ನು ಇರಿಸಿದರೆ ಸಾಲದು, ಅವು ಸದಾಕಾಲವೂ ಸುಸ್ಥಿತಿಯಲ್ಲಿರಬೇಕು. ಆ ಹೊಣೆ ಕಟ್ಟಡದ ಮಾಲೀಕರದು ಅಥವಾ ಅದರಲ್ಲಿ ವಾಸಿಸುವವರದು. ಪರವಾನಗಿ ಪಡೆದ ಸಂಸ್ಥೆಯೊಂದರಿಂದ ತಪಾಸಣೆ ಮಾಡಿಸಿ, ವರ್ಷಕ್ಕೆ ಎರಡು ಬಾರಿ, ಜನವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ, ಪ್ರಮಾಣಪತ್ರವನ್ನು ಅಗ್ನಿಶಾಮಕ ಅಧಿಕಾರಿಗೆ ಸಲ್ಲಿಸತಕ್ಕದ್ದು. ಸಾಧನಗಳನ್ನು ಕೆಡಿಸುವುದಾಗಲಿ ಕಿತ್ತುಹಾಕುವುದಾಗಲಿ ಅಪರಾಧವೇ. ಮಾಟುಂಗಾದಿಂದ ಡೊಂಬಿವಲಿಯವರೆಗೆ ಸಹಕಾರಿ ವಸತಿಗಳಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಪರೀಕ್ಷೆ ಏಕೆ?

ಅಗ್ನಿಸಾಧನಗಳ ಸ್ವಭಾವವೇ ವಿಚಿತ್ರ. ಅಡಿಗೆಮನೆಯ ನಲ್ಲಿ ಕೆಟ್ಟರೆ ಮರುಗಳಿಗೆಯಲ್ಲಿಯೇ ಗೊತ್ತಾಗುತ್ತದೆ. ಅಗ್ನಿಪಂಪು ಕೆಟ್ಟರೆ ಬೆಂಕಿ ಬೀಳುವವರೆಗೂ ಗೊತ್ತಾಗುವುದಿಲ್ಲ. ಕೊಳವೆಯಲ್ಲಿ ಒತ್ತಡ ಇಳಿದೊಡನೆ ಪಂಪು ತಾನಾಗಿ ಹೊರಡಬೇಕು. ಆದರೆ ಎಲ್ಲಿಯೋ ನೀರು ಸೋರಿ ಅದು ಪದೇ ಪದೇ ಹೊರಡುತ್ತಿದ್ದರೆ, ಸೋರಿಕೆಯನ್ನು ಸರಿಪಡಿಸುವ ಬದಲು ಪಂಪಿನ ಗುಂಡಿಯನ್ನೇ ಆರಿಸಿಬಿಡುತ್ತಾರೆ! ರಿಪೇರಿಗೆಂದು ಮುಚ್ಚಿದ ಕವಾಟವನ್ನು ಮತ್ತೆ ತೆರೆಯಲು ಮರೆಯುತ್ತಾರೆ. ಹಿತ್ತಾಳೆಯ ಮೂತಿ ಕಳ್ಳರ ಪಾಲಾಗುತ್ತದೆ.

ಚಾವಣಿಯ ಸಿಂಪರಣೆ ಮೂತಿಗಳಲ್ಲಿ ಪುಟ್ಟದೊಂದು ಗಾಜಿನ ಬುರುಡೆಯಿರುತ್ತದೆ. ಅದರಲ್ಲಿ ಕೆಂಪು ದ್ರವವಿದ್ದರೆ ಸುಮಾರು 68 ಡಿಗ್ರಿ ಸೆಂಟಿಗ್ರೇಡ್ ಉಷ್ಣಕ್ಕೆ ಒಡೆದು ನೀರಿಗೆ ದಾರಿಬಿಡುತ್ತದೆ. ಬುರುಡೆಯನ್ನು ಒಡೆದು ನೋಡುವಂತಿಲ್ಲ. ಅದರ ಹಿಂದೆ ನೀರು ಬರುತ್ತಿದೆಯೆ ಎಂಬುದನ್ನು ಪರೀಕ್ಷಾ ನಲ್ಲಿಯ ಮೂಲಕ ನೋಡಬೇಕು. ಅತ್ಯಂತ ಮೇಲಿನ ಮಹಡಿಯಲ್ಲಿ ನೀರಿನ ರಭಸ, ವಿದ್ಯುತ್ತು ಹೋದಾಗ ಡೀಸೆಲ್ ಪಂಪಿನ ನಡತೆ, ಮಲಗಿದವರಿಗೂ ಗಂಟೆ ಕೇಳಿಸುವುದೇ ಎಂಬುದು, ಇವೆಲ್ಲವೂ ಪ್ರತ್ಯಕ್ಷ ಪರೀಕ್ಷೆಯಿಂದಲೇ ತಿಳಿಯತಕ್ಕವು. ಕುಳಿತಲ್ಲಿಯೇ ಸಹಿ ಹಾಕಿದ ಕಾಗದದಿಂದಲ್ಲ.

ನಾವು ಮಾಡಬಹುದಾದುದು

ಇದು ತಜ್ಞರ ಕೆಲಸವೆಂದು ಗೃಹಸ್ಥರು ಸುಮ್ಮನಿರಬೇಕಾಗಿಲ್ಲ. ನಂದಿಸುವ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೆ, ಮೆಟ್ಟಿಲ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆಯೆ, ಅದರಾಚೆ ಹಳೆಯ ಮಂಚ, ಸೈಕಲ್ಲು, ಪಾದರಕ್ಷೆಯ ಕಪಾಟು ಸೇರಿವೆಯೆ ಎಂಬುದನ್ನು ಯಾರಾದರೂ ನೋಡಬಹುದು. ಕಡೆಯ ತಪಾಸಣೆಯ ಪತ್ರವನ್ನು ತೋರಿಸಿರೆಂದು ಸಂಘದ ಕಾರ್ಯದರ್ಶಿಗಳನ್ನು ಕೇಳಿದರೆ ಅವರು ಬೇಸರಪಟ್ಟುಕೊಂಡಾರು; ಪಡಲಿ. ಮುಂದಿನ ಭಾನುವಾರ ಲಿಫ್ಟನ್ನು ಬಿಟ್ಟು, ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಮೆಟ್ಟಿಲಿನಿಂದಲೇ ಕೆಳಗಿಳಿದು ನೋಡಿ. ಕೆಳಗಿನ ಬಾಗಿಲಿಗೆ ಬೀಗವಿದ್ದರೆ, ಅದು ಅಂದೇ ತಿಳಿಯುವುದು ಮೇಲು.