ಅಳೆಯದ ಮಳೆ ಸೊನ್ನೆಯಾದೀತು!

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಒಂದು ದಿನದ ಮಳೆಯನ್ನು ದಾಖಲಿಸುವ ಜಾವಾ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಮೊದಲ ಮೂರು ಕಡೆ ಅನುಕ್ರಮವಾಗಿ 12, 8, 10 ಮಿ.ಮೀ. ಮಳೆಯಾಗಿದೆ. ಶಿಡ್ಲಘಟ್ಟದಲ್ಲಿ ಅಂದು ಅಳತೆ ತೆಗೆದಿಲ್ಲ. ಆ ಜಾಗ ಖಾಲಿ. ಅಳೆದ ಮೂರು ಊರುಗಳ ಸರಾಸರಿ 10 ಮಿ.ಮೀ. ಆದರೆ ಪ್ರೋಗ್ರಾಂ 7.5 ಎನ್ನುತ್ತದೆ. ಏಕೆ?

ಆಬ್ಜೆಕ್ಟ್‌ನ ಪ್ರಾಪರ್ಟಿಗಳಿಗೆ ಬೆಲೆ ತುಂಬಲು ಅಪಾಚೆ ಕಾಮನ್ಸ್ ಬೀನ್‌ಯುಟಿಲ್ಸ್ ಎಂಬ ಲೈಬ್ರರಿ ಇದೆ. ಅದರ 1.9 ಸರಣಿಯಲ್ಲಿ 'ಸೆಟ್‌ಪ್ರಾಪರ್ಟಿ' ಎಂಬ ಮೆಥಡ್, ಅಕ್ಷರರೂಪದಲ್ಲಿ ಬಂದ ಬೆಲೆಯನ್ನು ಬೇಕಾದ ರೂಪಕ್ಕೆ ತಾನೇ ಪರಿವರ್ತಿಸುತ್ತದೆ. ಪೂರ್ಣಾಂಕ ಬೇಕಾದೆಡೆ ಖಾಲಿ ಸ್ಟ್ರಿಂಗ್ ಅಥವಾ ಅಂಕಿಯಲ್ಲದ ಅಕ್ಷರಗಳು ಬಂದರೆ ದೋಷವೆಂದು ಹೇಳದೆ ಸೊನ್ನೆಯನ್ನು ಇಟ್ಟುಬಿಡುತ್ತದೆ. ಪ್ರಾಪರ್ಟಿಯ ಹೆಸರನ್ನೇ ತಪ್ಪಾಗಿ ಬರೆದರೂ ಸದ್ದಿಲ್ಲದೆ ಮುಂದೆ ಸಾಗುತ್ತದೆ.

ಪರಿಹಾರ ಸುಲಭ. ಪ್ರಾಪರ್ಟಿಯನ್ನು 'ಇಂಟ್' ಬದಲು 'ಇಂಟಿಜರ್' ಎಂದು ಘೋಷಿಸಿ. ಏಕೆಂದರೆ 'ಇಂಟ್'ನಲ್ಲಿ 'ನಲ್' ಇಡಲು ಬಾರದು. 'ಇಂಟಿಜರ್‌ಕನ್ವರ್ಟರ್' ರಚಿಸುವಾಗ ಅದಕ್ಕೆ 'ನಲ್' ಕೊಟ್ಟು, 'ಕನ್ವರ್ಟ್‌ಯುಟಿಲ್ಸ್'ನಲ್ಲಿ ನೋಂದಾಯಿಸಿ. ಆಗ ಖಾಲಿ ಜಾಗ ನಲ್ ಆಗಿಯೇ ಉಳಿಯುತ್ತದೆ. ಸರಾಸರಿ ತೆಗೆಯುವಾಗ ನಲ್‌ಗಳನ್ನು ಎಣಿಕೆಯಿಂದ ಬಿಡಿ.

ತರಗತಿಯಲ್ಲಿ ಈ ಎರಡೂ ವಿಧಾನಗಳನ್ನು ಮಾಡಿಸಿ ಉತ್ತರಗಳನ್ನು ಹೋಲಿಸಿ. 'ಮಳೆ ಬಂದಿಲ್ಲ' ಎಂಬುದು ಒಂದು ಅಳತೆ. 'ಅಳೆದಿಲ್ಲ' ಎಂಬುದು ಅಳತೆಯೇ ಅಲ್ಲ.